ಗಂಡಿನ ಮನೆಯ ಮೀನುಗಳು

ಜಾತಕದ ಜೊತೆ ಶಾಂಭವಿಯ ಫೋನ್ ನಂಬರನ್ನೂ ನಾಲ್ಕಾರು ಮನೆಗಳಿಗೆ ಕೊಟ್ಟ ಮೇಲೆ ಆ ಕರೆಗಳು ಶುರುವಾಗಿದ್ದವು. ದಿನಾ ಮಧ್ಯಾಹ್ನ, ಒಂದೊಂದು ಸಲ ಒಂದೊಂದು ನಂಬರು. ಮೊದಲು ಬರೀ ಉಸಿರು. ಆಮೇಲೆ ಪಿಸುದನಿ: "ಇವತ್ತು ಯಾವ ಬಣ್ಣ ಹಾಕ್ಕೊಂಡಿದ್ದೀಯ?" ಆ ದನಿಯ ಹಿಂದೆ ನೀರು ಗುಳುಗುಳು ಎನ್ನುತ್ತಿತ್ತು; ನಡುನಡುವೆ ಬಿಕ್ಕಳಿಸಿದಂತೆ ಟಕ್ ಎಂದು ನಿಂತು ಮತ್ತೆ ಶುರುವಾಗುತ್ತಿತ್ತು. ಫೋನಿಟ್ಟ ಮೇಲೆ ಅವಳು ಸೋಪು ಹಚ್ಚಿ ಕಿವಿ ತೊಳೆದುಕೊಳ್ಳುತ್ತಿದ್ದಳು.

ಇವತ್ತು ಗಂಡಿನ ಮನೆ ನೋಡಲು ಅಪ್ಪ ಅಮ್ಮನ ಜೊತೆ ಅವಳೂ ಬಂದಿದ್ದಳು. ಹುಡುಗ ಹಿಡಿಸಿದ್ದ. ಒಪ್ಪಿಗೆ ಹೇಳುವುದೊಂದೇ ಬಾಕಿ. ಕಾಫಿಯ ಮೊದಲ ಗುಟುಕು ಬಾಯಲ್ಲಿರುವಾಗಲೇ ಬೆನ್ನ ಹಿಂದೆ ಕೇಳಿಸಿತು: ಗುಳುಗುಳು, ಟಕ್.

ತಿರುಗಿದಳು. ಮೂಲೆಗಳಲ್ಲಿ ಪಾಚಿ ಹಿಡಿದ ಗಾಜಿನ ತೊಟ್ಟಿ, ಒಂದೇ ಸಮನೆ ಬಾಯಿ ತೆರೆದು ಮುಚ್ಚುವ ಕೆಂಪು ಮೀನುಗಳು. ಬಾಯಲ್ಲಿದ್ದ ಕಾಫಿ ಲೋಳೆಯಂತಾಯಿತು.

"ಈ ಮೀನು ಸಾಕೋದು ನೀವೇನಾ?" ಎಂದು ಹುಡುಗನ ಮುಖಕ್ಕೇ ಕೇಳಿದಳು.

"ಅಯ್ಯೋ, ನಂಗೆ ಆ ವಾಸನೆನೇ ಆಗಲ್ಲ ರೀ," ಎಂದು ಅವನು ನಕ್ಕ.

"ನಮ್ಮ ಯಜಮಾನ್ರದ್ದು ಕಣಮ್ಮ," ಎಂದರು ಅವನ ತಾಯಿ. "ಮಧ್ಯಾಹ್ನ ಊಟ ಆದ್ಮೇಲೆ ರೂಮಿನ ಬಾಗಿಲು ಹಾಕ್ಕೊಂಡು ಇದರ ಮುಂದೆ ಕೂತ್ರೆ ಕಾಫಿಗೇ ಏಳೋದು. ನೀವೆಲ್ಲ ಬರ್ತೀರ ಅಂತ ಇವತ್ತು ಹೊರಗೆ ತಂದಿಟ್ವಿ."

ಹುಡುಗನ ತಂದೆ ಚಕ್ಕುಲಿ ತಟ್ಟೆಯನ್ನು ಅವಳತ್ತ ಸರಿಸಿದರು.

"ತಗೋ ಮಗಳೇ," ಎಂದರು. "ಹಸಿರು ನಿಂಗೆ ಚೆನ್ನಾಗಿ ಒಪ್ಪುತ್ತೆ."