ಊಟಕ್ಕೆ ಮೊದಲು

ಸಂಘದ ವಾರ್ಷಿಕೋತ್ಸವ. ವೇದಿಕೆಯ ಹಿಂದಿನ ಕೋಣೆಯಲ್ಲಿ ನಾಗವೇಣಿ ಮೇಡಂ ಆಗಷ್ಟೇ ಕಂಪ್ಯೂಟರಿನಿಂದ ಪ್ರಾರ್ಥನೆ ಹಾಡನ್ನು ಸಭೆಗೆಲ್ಲ ಕೇಳಿಸಿದ್ದರು. ಅವರಿಗೆ ಕಣ್ಣು ಕಾಣದು. ಸ್ಕ್ರೀನಿನಲ್ಲಿರುವುದನ್ನು ಕಂಪ್ಯೂಟರೇ ಓದಿ ಹೇಳುತ್ತದೆ.

ಅಧ್ಯಕ್ಷರು ಬಂದರು. "ನನ್ನ ಭಾಷಣ ಊಟ ಆದಮೇಲೆ ಯಾಕೆ ಮೇಡಂ? ಉಂಡವನು ಕೂರ್ತಾನಾ? ಕಾರ್ಯಕ್ರಮದ ಪಟ್ಟಿಯಲ್ಲಿ ಎಳೆದು ಮೇಲೆ ಹಾಕಿ."

ಮೇಡಂ ಕೀ ಒತ್ತಿದರು.

"ಅಧ್ಯಕ್ಷರ ಭಾಷಣ, ತೊಂಬತ್ತು ನಿಮಿಷ. ಎತ್ತಿಕೊಳ್ಳಲಾಗಿದೆ," ಎಂದಿತು ಕಂಪ್ಯೂಟರು.

ಮತ್ತೆ ಒತ್ತಿದರು.

"ಊಟಕ್ಕೆ ಮೊದಲು. ಇಳಿಸಲಾಗಿದೆ."

"ಈಗ ಎಲ್ಲಿಗೆ ಹೋಗ್ತಾರೆ ನೋಡೋಣ," ಎನ್ನುತ್ತ ಅಧ್ಯಕ್ಷರು ವೇದಿಕೆಯ ಪರದೆ ಸರಿಸಿದರು.

ಕುರ್ಚಿಗಳೆಲ್ಲ ಖಾಲಿ. ಪಕ್ಕದ ಊಟದ ಹಾಲಿನಲ್ಲಿ ಮೊದಲ ಪಂಕ್ತಿಗೆ ಪಲ್ಯ ಬಡಿಸುತ್ತಿದ್ದರು.

ಭಾಷಣ ಪಟ್ಟಿಯಲ್ಲಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೇಡಂ ಒಳಗೆ ಇನ್ನೊಮ್ಮೆ ಕೀ ಒತ್ತಿದರು. ಸಭಾಂಗಣದ ನಾಲ್ಕೂ ಸ್ಪೀಕರುಗಳು ಒಟ್ಟಿಗೆ ಹೇಳಿದವು: "ಅಧ್ಯಕ್ಷರ ಭಾಷಣ, ತೊಂಬತ್ತು ನಿಮಿಷ."