ನೀರಿನ ಗೆರೆ

ಕಾದ ಎಣ್ಣೆಯಲ್ಲಿ ಪಾತೊಂಗ್‌ಕೋ ಎಂಬ ಜೋಡಿ ತಿಂಡಿ ಮತ್ತೆ ಬಿಟ್ಟುಕೊಂಡಿತು. ಒಂದಕ್ಕೊಂದು ಅಂಟಿಕೊಂಡೇ ಉಬ್ಬಬೇಕಾದ ಎರಡು ಹಿಟ್ಟಿನ ತುಂಡುಗಳು ಒಂದೊಂದು ದಿಕ್ಕಿಗೆ ತೇಲಿದವು.

“ಏನೇ ಲಮ್ದುವನ್, ಇವತ್ತೂ ಒಂಟಿನಾ? ನಿನ್ ಗಂಡ ಹಿಟ್ಟು ಒತ್ತುವಾಗ ಒಂದಾದ್ರೂ ಹಿಂಗೆ ಬಿಡ್ತಿತ್ತಾ?” ಪಕ್ಕದ ಗಾಡಿಯಲ್ಲಿ ಸೋಯಾ ಹಾಲು ಕಾಸುತ್ತಿದ್ದ ಬೀದಿಗೆಲ್ಲ ಅತ್ತೆಯಾದ ಚಲೇಮ್ ರೇಗಿಸಿದಳು.

“ನಿಮ್ ಹಾಲು ಉಕ್ತಾ ಇದೆ, ಆ ಕಡೆ ನೋಡಿ ಅತ್ತೆ.”

ಅಷ್ಟರಲ್ಲಿ ಆ ಗಂಡನೇ ಬೀದಿಯ ತಿರುವಿನಲ್ಲಿ ಕಾಣಿಸಿದ. ಬೋಳು ತಲೆ, ಬರಿಗಾಲು, ಭಿಕ್ಷಾಪಾತ್ರೆ. ತಾಯಿ ಸತ್ತಾಗ ಒಂದೇ ಮಳೆಗಾಲಕ್ಕೆಂದು ಕಾವಿ ಉಟ್ಟವನು ಅದನ್ನು ಮತ್ತೆ ಕಳಚಿರಲಿಲ್ಲ. ಲಮ್ದುವನ್ ಚಪ್ಪಲಿ ಬಿಟ್ಟು, ಬೇರೆಯಾದ ಆ ಎರಡು ತುಂಡುಗಳನ್ನು ಪಾತ್ರೆಗೆ ಹಾಕಿ ಮಂಡಿಯೂರಿದಳು. ಭಿಕ್ಷುವನ್ನು ಮುಟ್ಟುವಂತಿಲ್ಲ, ಮನೆಯ ಮಾತು ಆಡುವಂತಿಲ್ಲ. ಅವನು ತುಂಡುಗಳನ್ನು ನೋಡಿ ಮುಚ್ಚಳ ಹಾಕಿದ. ಬಾಯಿ ಆಶೀರ್ವಾದ ಹೇಳುತ್ತಿತ್ತು. ತೋರುಬೆರಳು ಮಾತ್ರ ಮುಚ್ಚಳದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿತು. ಹಿಟ್ಟಿನ ನಡುವೆ ನೀರು ಹೀಗೆ ಸವರಬೇಕು ಎಂದು ಮದುವೆಯಾದ ಹೊಸದರಲ್ಲಿ ಅವಳಿಗೆ ಕಲಿಸಿದ್ದ ಗೆರೆ ಅದು.

ಅವನು ತಿರುವು ದಾಟಿದ ಮೇಲೆ ಲಮ್ದುವನ್ ನೀರಿನ ಬಟ್ಟಲಿಗೆ ಬೆರಳದ್ದಿ, ಸವರಿ, ಒತ್ತಿ, ಎಣ್ಣೆಗೆ ಬಿಟ್ಟಳು. ಜೋಡಿ ಬಿಗಿಯಾಗಿ ಅಂಟಿಕೊಂಡು ಉಬ್ಬಿತು.

“ಬರುತ್ತಲ್ಲೇ ನಿಂಗೆ! ಮತ್ತೆ ಅವನು ಬರೋ ಹೊತ್ತಿಗೇ ಯಾಕೆ ಬಿಟ್ಕೊಳ್ಳುತ್ತೆ?”

ಲಮ್ದುವನ್ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

“ಅಂಟ್ಕೊಂಡ್ರೆ ಅವರು ಬರೀ ಆಶೀರ್ವಾದ ಹೇಳಿ ಹೋಗ್ಬಿಡ್ತಾರೆ ಅತ್ತೆ.”