ಹೊಲಿಗೆ ಕೋಣೆಯ ಸಂದರ್ಶನ

ಕರಕಲು ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಕಣ್ರೋ! ಸುಮ್ನೆ ನನ್ನ ಮುಖ ನೋಡ್ತಾ ಕೂತಿದ್ರು.”

ಮುಟ್ಟಿದ ಪಾತ್ರೆಯನ್ನೆಲ್ಲ ಸೀಯಿಸಿ ಆ ಅಡ್ಡಹೆಸರು ಸಂಪಾದಿಸಿದ್ದ ಹುಡುಗ ಅವನು. ಪ್ರೌಢಶಾಲೆಯ ಅಡುಗೆ ತರಗತಿಯ ಉಳಿದವರು ಏಪ್ರನ್ ಬಿಚ್ಚದೆಯೇ ಕಾರಿಡಾರಿನಲ್ಲಿ ಅವನನ್ನು ಮುತ್ತಿಕೊಂಡರು. ಪೇಟೆಯ ದೊಡ್ಡ ಹೋಟೆಲಿನ ಮ್ಯಾನೇಜರ್ ಇವತ್ತು ಬರುವವರಿದ್ದರು. ರಜೆಯಲ್ಲಿ ಅಲ್ಲಿನ ಅಡುಗೆಮನೆಯಲ್ಲಿ ಕೆಲಸ ಕಲಿಯಲು ಒಬ್ಬರಿಗಷ್ಟೇ ಜಾಗ. ಇಸ್ತ್ರಿ ಅಂಗಿಯವರೊಬ್ಬರು ಬಂದು ಹೊಲಿಗೆ ಕೋಣೆಯಲ್ಲಿ ಕೂತಿದ್ದಾರೆಂಬ ಸುದ್ದಿ ತಂದವಳು ಪಟಪಟ ಮಾತಿನ ಪಟಾಕಿ. ಅಡುಗೆ ಮೇಡಂ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡಿದ್ದರು. “ಪಾಪ, ಕಾಯಿಸ್ಬೇಡಿ. ಒಬ್ಬೊಬ್ರಾಗಿ ಹೋಗಿ!” ಎಂದು ನಿಂತಲ್ಲಿಂದಲೇ ಕೂಗಿದ್ದರು.

ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಮೇಡಂಗೆ, ಅಷ್ಟರೊಳಗೆ ಶಿಷ್ಯರಲ್ಲಿ ಒಬ್ಬರನ್ನಾದರೂ ದೊಡ್ಡ ಅಡುಗೆಮನೆಗೆ ಸೇರಿಸುವ ಹಟ. ತರಕಾರಿ ಹೆಚ್ಚುವುದರ ಜೊತೆಗೆ ಕೈಕುಲುಕುವುದು, ಕುರ್ಚಿ ಎಳೆದಾಡದೆ ಕೂರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಎಲ್ಲ ಕಲಿಸಿದ್ದರು. “ಕೆಲವು ಮ್ಯಾನೇಜರುಗಳು ಬೇಕಂತಲೇ ಮಾತಾಡಲ್ಲ. ನೀವೇನು ಮಾಡ್ತೀರಿ ಅಂತ ನೋಡ್ತಾರೆ” ಎಂದೂ ಎಚ್ಚರಿಸಿದ್ದರು.

ಪಟಾಕಿ ಒಳಗೆ ಹೋಗಿ, ಉಸಿರು ಬಿಡದೆ ತನ್ನನ್ನು ತಾನೇ ಹೊಗಳಿಕೊಂಡು ಹೊರಗೆ ಬಂದಳು.

“ಭಾರೀ ಕಿಲಾಡಿ ಮನುಷ್ಯ. ನಾನು ಹೋದ ತಕ್ಷಣ ಎದ್ದು ನಿಂತ್ರು! ಬೆವರು ಬೇರೆ ಒರೆಸ್ಕೊಂಡ್ರು. ಎಲ್ಲಾ ನಾಟಕ.”

ಮುಂದಿನ ಸರದಿ ಪಿಸುಮಾತಿನದು. ಮನೆಯಲ್ಲಿ ನಾಲ್ವರು ಅಕ್ಕಂದಿರು ಮಾತಾಡಿ ಮುಗಿಸಿದ ಮೇಲೆ ಆ ಹುಡುಗಿಯ ಪಾಲಿಗೆ ಉಳಿದಿದ್ದೇ ಅಷ್ಟು ದನಿ. ಅವಳಷ್ಟು ಹದವಾಗಿ ಬ್ರೆಡ್ ಸುಡುವವರು ತರಗತಿಯಲ್ಲಿ ಬೇರೆ ಇರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತೆ ಮಾಡುವುದು ಮೇಡಂ ಕೈಯಲ್ಲೂ ಆಗಿರಲಿಲ್ಲ.

ಒಳಗೆ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಒಂದು ಮೇಜು ಹಾಕಿತ್ತು. ಆತ ಎದ್ದರು, ಕೂತರು. ಬಾಯಿ ತೆರೆದರು, ಮುಚ್ಚಿದರು. ಕೈಯಲ್ಲಿದ್ದ ಫೈಲನ್ನು ತಿರುಚುತ್ತಲೇ ಇದ್ದರು.

ಪಿಸುಮಾತು ಬಾಗಿಲ ಕಡೆ ತಿರುಗಿದಳು. ಓಡಿಹೋಗೋಣ ಎನ್ನಿಸುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ದೊಡ್ಡ ಕುರ್ಚಿ ಖಾಲಿಯಿತ್ತು. ಆತ ಕೂತಿದ್ದು ಮೇಜಿನ ಈಚೆ ಬದಿಯ ಸಣ್ಣ ಕುರ್ಚಿಯಲ್ಲಿ.

ಓಹೋ, ಇದೇ ಪರೀಕ್ಷೆ! ಪ್ರಶ್ನೆ ಕೇಳಬೇಕಾದವಳು ತಾನೇ!

ಅವಳು ಮೇಜು ಸುತ್ತಿ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತಳು. ಆತ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಅಡುಗೆ ಕೆಲಸಕ್ಕೆ ಯಾಕೆ ಬಂದ್ರಿ?” ಎಂದು ಕೇಳಿದಳು.

“ಮನೇಲಿ ಎಲ್ರೂ ಬೇಡ ಅಂದ್ರು. ಅದಕ್ಕೇ.”

ನಗು ತಡೆದುಕೊಂಡು ಅವಳು ಮುಂದುವರಿದಳು. “ಕುದಿಯೋ ಸೂಪು ಪೂರ್ತಿ ಚೆಲ್ಲಿಹೋಗಿದೆ. ಹೊರಗಡೆ ಜನ ಊಟಕ್ಕೆ ಕಾಯ್ತಿದಾರೆ. ಏನ್ಮಾಡ್ತೀರಿ?”

“ಮೊದಲು ಯಾರಿಗಾದ್ರೂ ಸುಟ್ಟಿದೆಯಾ ಅಂತ ನೋಡ್ತೀನಿ.”

ಅವಳಿಗೆ ಹೊಳೆಯದಿದ್ದ ಉತ್ತರ ಅದು. “ಚೆನ್ನಾಗಿ ಹೇಳಿದ್ರಿ. ಆದ್ರೆ ಆ ಫೈಲು ಬಿಟ್ಬಿಡಿ. ನಾದೋಕೆ ಅದೇನು ಹಿಟ್ಟಲ್ಲ.”

ಆತ ಮೊದಲ ಬಾರಿಗೆ ನಕ್ಕು ಫೈಲನ್ನು ಮೇಜಿನ ಮೇಲಿಟ್ಟರು.

“ಕೊನೇ ಪ್ರಶ್ನೆ. ಈ ಕೆಲಸದಲ್ಲಿ ನಿಮಗೆ ಯಾವುದರ ಭಯ?”

ಆತ ಅವಳ ಏಪ್ರನ್ ನೋಡಿದರು. “ನಿಜ ಹೇಳ್ಬೇಕಂದ್ರೆ, ನಿಮ್ಮ ವಯಸ್ಸಿನವರದ್ದೇ. ಒಬ್ಬೊಬ್ರಾದ್ರೆ ಪರವಾಗಿಲ್ಲ. ಒಟ್ಟಿಗೆ ನಿಂತು ನಕ್ಕುಬಿಟ್ರೆ ನನಗೆ ಕೈಕಾಲೇ ಆಡಲ್ಲ.”

ಕೆಲಸ ಕಲಿಯಲು ಬರುವ ಹುಡುಗರನ್ನು ಕಂಡರೆ ಇಷ್ಟು ದೊಡ್ಡ ಮ್ಯಾನೇಜರಿಗೂ ಭಯವೇ! ಅವಳಿಗೆ ಪಾಪ ಎನ್ನಿಸಿತು.

“ನಾವು ಭಯ ಆದಾಗ್ಲೇ ಜಾಸ್ತಿ ನಗೋದು ಸಾರ್. ಒಬ್ಬೊಬ್ಬರ ಹೆಸರು ಕೇಳಿ ನೋಡಿ, ಸರಿಹೋಗ್ತಾರೆ.”

“ಹಾಗಾದ್ರೆ ನಿನ್ನ ಹೆಸರೇನಮ್ಮ?”

ಅವಳು ಹೇಳಿದಳು. ಕಾರಿಡಾರಿನವರೆಗೂ ಕೇಳಿಸಿತು.

“ಅದ್ಯಾರೇ ಕೂಗಿದ್ದು?” ಎಂದಳು ಪಟಾಕಿ.

ಅಷ್ಟರಲ್ಲಿ ಜವಾನ ಬಂದು ಆತನನ್ನು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕರೆದುಕೊಂಡು ಹೋದ. ಕಾಫಿಗಿರಬೇಕು ಎಂದುಕೊಂಡರು ಎಲ್ಲರೂ.

ಊಟದ ಬಿಡುವು ಮುಗಿಯುವ ಹೊತ್ತಿಗೆ ಶಾಲೆಯ ಮುಂದೆ ಒಂದು ಕಾರು ನಿಂತಿತು. ಮೂಗಿನ ಮೇಲೆ ಗ್ರೀಸ್ ಮೆತ್ತಿಕೊಂಡ ದಪ್ಪ ಹೆಂಗಸೊಬ್ಬರು ಇಳಿದು ದಡಬಡ ಒಳಗೆ ಬಂದರು. “ಕ್ಷಮಿಸಿ, ದಾರೀಲಿ ಗಾಡಿ ಕೆಟ್ಟೋಯ್ತು. ನಾನು ಹೋಟೆಲಿನ ಮ್ಯಾನೇಜರು.”

ಕರಕಲು ಸೌಟು ಕೆಳಗೆ ಬೀಳಿಸಿದ. ಮೇಡಂ ಎಲ್ಲರ ಮುಖ ನೋಡಿದರು. ಎಲ್ಲರೂ ಪಿಸುಮಾತಿನ ಮುಖ ನೋಡಿದರು. ಯಾರಿಗೂ ಏನೂ ಅರ್ಥವಾಗಲಿಲ್ಲ. ಸಂದರ್ಶನ ಮತ್ತೆ ಮೊದಲಿನಿಂದ ನಡೆಯಿತು.

ಮ್ಯಾನೇಜರಮ್ಮ ಮಾತಿನ ಮಳೆಯನ್ನೇ ಸುರಿಸಿದರು. “ನಮ್ಮ ಅಡುಗೆಮನೇಲಿ ಗಲಾಟೆ ಜಾಸ್ತಿ. ನಿನ್ನ ದನಿ ಕೇಳಿಸುತ್ತಾ?”

“ಕೇಳಿಸುತ್ತೆ ಮೇಡಂ” ಎಂದಳು ಪಿಸುಮಾತು. ಕೇಳಿಸಿತು. ಬೆಳಿಗ್ಗೆ ಆ ದೊಡ್ಡ ಕುರ್ಚಿಯಲ್ಲಿ ತಾನೇ ಕೂತಾಗಿತ್ತು. ಎದುರಿಗಿರುವವರು ಹೇಗಾದರೂ ಚೆನ್ನಾಗಿ ಹೇಳಲಿ ಎಂದೇ ಅಲ್ಲಿ ಕೂತವರಿಗೆ ಅನ್ನಿಸುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು.

ರಜೆಯ ಜಾಗ ಅವಳಿಗೇ ಸಿಕ್ಕಿತು. ಮೇಡಂ ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಸವರಿದರು. ಪಟಾಕಿ ಮಾತ್ರ ಸಂಭ್ರಮದ ನಡುವೆಯೂ ಗೊಣಗುತ್ತಲೇ ಇದ್ದಳು: “ಹಂಗಾದ್ರೆ ಬೆಳಿಗ್ಗೆ ಬಂದಿದ್ದು ಯಾರು? ಕಳ್ಳನೇ ಇರ್ಬೇಕು. ಹೊಲಿಗೆ ಯಂತ್ರ ಎಲ್ಲಾ ಇವೆಯಾ ಎಣಿಸ್ರೋ!”

ಬಾಗಿಲು ತೆರೆಯಿತು. ಮುಖ್ಯೋಪಾಧ್ಯಾಯಿನಿ ಒಳಗೆ ಬಂದರು, ಅವರ ಹಿಂದೆ ಇಸ್ತ್ರಿ ಅಂಗಿಯ ಆತ.

“ಮಕ್ಕಳನ್ನೇ ಒಬ್ಬೊಬ್ರಾಗಿ ಕಳಿಸಿ ತಮ್ಮನ್ನ ಪರೀಕ್ಷೆ ಮಾಡಿಸಿದ್ದು ಬಹಳ ಒಳ್ಳೆ ಪದ್ಧತಿ ಅಂತ ಇವರು ಹೊಗಳ್ತಾನೇ ಇದಾರೆ. ಯಾವ ಪರೀಕ್ಷೆನೋ, ನನಗಂತೂ ಗೊತ್ತಿಲ್ಲ. ಇರ್ಲಿ, ಎಲ್ರೂ ನಮಸ್ಕಾರ ಹೇಳಿ. ಬರೋ ತಿಂಗಳಿಂದ ಇವರೇ ನಿಮ್ಮ ಅಡುಗೆ ಮೇಷ್ಟ್ರು.”